ಇಕ್ಕೇರಿಯಲ್ಲಿ ಸಿಕ್ಕ ಬಿಸಿಲು

ಈ ವಯಸ್ಸಿನಲ್ಲಿ ಬಣ್ಣದ ಪೆನ್ಸಿಲ್ ಹಿಡಿದು ಹೊರಟಳಲ್ಲ ಅಂತ ನಗಬೇಡಿ. ಅನ್ನ, ಸಾರು ಮುಗಿಸಿ, ಅತ್ತೆಗೆ ಮಾತ್ರೆ ಕೊಟ್ಟೇ ಹೊರಟಿದ್ದೆ! ಮಗಳು ಶಾಲೆಗೆ ಹೋಗುವಾಗ ಕೊಂಡಿದ್ದ 24 ಬಣ್ಣದ ಡಬ್ಬಿ, ಮೆಂಡರ್, ಒಂದು ರಟ್ಟು, ಬಟ್ಟೆ ಒಣಗಿಸುವ ಎರಡು ಕ್ಲಿಪ್ಪು, ಪ್ಲಾಸ್ಟಿಕ್ ಚೀಲ. ಇಷ್ಟೇ ಸರಂಜಾಮು.

ನಮ್ಮತ್ತೆಗೆ 84 ವರ್ಷ. ವರ್ಷಾ ವರ್ಷ ಇಕ್ಕೇರಿಯ ಅಘೋರೇಶ್ವರನಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತಿದ್ದವರು ಸೊಂಟದ ಮೂಳೆ ಮುರಿದ ಮೇಲೆ ಮಂಚ ಹಿಡಿದಿದ್ದಾರೆ. "ಫೋಟೋ ತೆಗೆದುಕೊಂಡು ಬರ್ಲಾ?" ಅಂದೆ. "ಆ ಮೊಬೈಲಿನಲ್ಲಿ ನಂಗೇನೂ ಕಾಣಲ್ಲ ಮಾರಾಯ್ತಿ. ನೀನು ಮದುವೆಯಾಗಿ ಬಂದ ಹೊಸದರಲ್ಲಿ ಚಿತ್ರ ಬರೀತಿದ್ದೆಯಲ್ಲ?" ಅಂದರು. 'ಚಿತ್ರ ಬರೆದರೆ ಹೊಟ್ಟೆ ತುಂಬುತ್ತಾ' ಅಂತ ಆಗ ಅಂದವರೂ ಅವರೇ! ಇರಲಿ ಬಿಡಿ.

ಸಾಗರದಿಂದ ಇಕ್ಕೇರಿ 6 ಕಿ.ಮೀ. 1560ರ ಸುಮಾರಿನಿಂದ 1640ರವರೆಗೆ ಕೆಳದಿ ಅರಸರ ರಾಜಧಾನಿಯಾಗಿದ್ದ ಊರು. ಗುಡಿಯೆದುರಿನ ನಂದಿ ಮಂಟಪ ಬರೆಯೋಣವೆಂದು ಹುಲ್ಲಿನ ಮೇಲೆ ಕೂತೆ. ಶ್ರಾವಣದ ಬಿಸಿಲು, ಕಲ್ಲೆಲ್ಲ ತಿಳಿಹಳದಿ. ಹಳದಿ ಹಚ್ಚುವಷ್ಟರಲ್ಲಿ ಮೋಡ ಬಂತು, ಕಲ್ಲು ಬೂದಿಯಾಯಿತು. ಬೂದಿ ತಿಕ್ಕಿದೆ. ಹನಿ ಬಿದ್ದು ಕಲ್ಲು ಕಪ್ಪಾಯಿತು, ಕಪ್ಪು ತಿಕ್ಕಿದೆ. ಈ ಪೆನ್ಸಿಲ್ಲಿನಲ್ಲಿ ಮೇಣ ಇರುತ್ತದೆ ನೋಡಿ, ಒತ್ತಿ ಒತ್ತಿ ಬಳಿದರೆ ಕಾಗದ ನುಣುಪಾಗಿ, ಎಣ್ಣೆ ಹೆಚ್ಚಾದ ಕಾವಲಿಯ ಮೇಲೆ ದೋಸೆಹಿಟ್ಟು ನಿಲ್ಲದ ಹಾಗೆ, ಮುಂದಿನ ಬಣ್ಣ ಕೂರುವುದೇ ಇಲ್ಲ. ಗುಡಿಯ ಸೂರಿನಡಿಗೆ ಓಡಿ ನೋಡಿದರೆ ಚಿತ್ರ ಮಸಿಬಟ್ಟೆ!

ಅಳುವೇ ಬಂತು. ಆದರೆ ಬರಿಗೈಲಿ ಮನೆಗೆ ಹೋಗುವುದು ಹೇಗೆ ಹೇಳಿ? ಮತ್ತೆ ಬಿಸಿಲು ಕಂಡಾಗ ಹೊಸ ಹಾಳೆ ತೆಗೆದೆ. ಈ ಸಲ ಆಕಾಶದ ಹಿಂದೆ ಓಡಲಿಲ್ಲ. ನೆರಳು ಬಿದ್ದ ಕಡೆಗೆ ಮೊದಲೇ ತೆಳ್ಳಗೆ ಗೆರೆ ಹಾಕಿಟ್ಟುಕೊಂಡೆ, ಅಂಚಿನಲ್ಲಿ 'ಕಮಾನು ಹಳದಿ, ಒಳಗೆ ನೀಲಿ' ಅಂತ ಗುರುತು ಬರೆದೆ. ಬೆಳಕು ಇರಬೇಕಾದ ಜಾಗ ಖಾಲಿ ಬಿಟ್ಟೆ. ಕಡುಬಣ್ಣದ ಮೇಲೆ ಬಿಳಿ ಪೆನ್ಸಿಲ್ ಎಷ್ಟು ತಿಕ್ಕಿದರೂ ಬೆಳಕು ವಾಪಸ್ ಬರೋದಿಲ್ಲ. ಮೋಡ ಬಂತು, ಬರಲಿ ಎಂದು ಮೊದಲಿನ ಬಿಸಿಲನ್ನೇ ಬರೆದೆ. ಕೊನೆಗೊಂದು ಹನಿ ನಂದಿಯ ಕೆಳಗೇ ಬಿತ್ತು. ಮೇಣದ ಬಣ್ಣ ಹರಡಲಿಲ್ಲ, ಆದರೆ ಒಣಗುವ ಮೊದಲೇ ಪೆನ್ಸಿಲ್ ಆಡಿಸಿದೆನಲ್ಲ, ಕಾಗದ ಎದ್ದುಬಂತು.

ಸಂಜೆ ಅತ್ತೆ ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ಬೆರಳಾಡಿಸಿದರು. "ಇಲ್ಲೇನೇ, ತರಿತರಿ?"

"ಮಳೆಹನಿ ಬಿತ್ತು ಅತ್ತೆ."

"ಇಕ್ಕೇರಿ ನೀರು ಅನ್ನು," ಎಂದು ಹಾಳೆಯನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ, "ಬಸವ ಮಾತ್ರ ಬಡಕಲಾಗಿದ್ದಾನೆ. ಅವನ ಹೊಟ್ಟೆ ಇನ್ನೂ ದೊಡ್ಡದು" ಅಂದರು.

ಮುಂದಿನ ಸೋಮವಾರ ಮಳೆ ಬಿಡುವು ಕೊಟ್ಟರೆ ಇನ್ನೊಮ್ಮೆ ಹೋಗುವವಳಿದ್ದೇನೆ.