ಎರಡು ಗಡಿಯಾರಗಳ ನಡುವೆ

ಚಿಪ್ಪಿನೊಳಗೆ ಒಂದು ಕ್ಲಾಕಿನ ಆಳ್ವಿಕೆಯಿಂದ ಇನ್ನೊಂದು ಕ್ಲಾಕಿನ ಆಳ್ವಿಕೆಗೆ ದಾಟುವ ಸಂಕೇತಗಳನ್ನು ಒಂದೊಂದಾಗಿ ಪರಿಶೀಲಿಸುವುದು ನನ್ನ ಕಸುಬು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದು ನೆಲೆಯೂರಿದ ಮೇಲೆ ಚಿಪ್ ವಿನ್ಯಾಸಕ್ಕೆ ತವರಾದ ಬೆಂಗಳೂರಿನಲ್ಲಿ ಅದನ್ನು ಕಲಿತ ನಾನು, ದೇವದುರ್ಗ ತಾಲ್ಲೂಕಿನ ನಮ್ಮ ಜಾಲಹಳ್ಳಿಗೆ ರಜೆಯಲ್ಲಿ ಬಂದಾಗಲೂ ಪಡಸಾಲೆಯಲ್ಲಿ ಕುಳಿತು ಈ ದಾಟುವಿಕೆಯ, ಎಂದರೆ ಸಿ.ಡಿ.ಸಿ.ಯ (ಕ್ಲಾಕ್ ಡೊಮೇನ್ ಕ್ರಾಸಿಂಗ್) ವರದಿಗಳನ್ನೇ ಓದುತ್ತಿರುವುದನ್ನು ಕಂಡು, "ಇದು ಮುಗಿಯಂಗಿಲ್ಲೇನಪ್ಪಾ?" ಎಂದು ಅವ್ವ ಕೇಳುವುದುಂಟು. ಮುಗಿಯಬೇಕೆಂಬ ಆತುರ ನನಗಿಲ್ಲ.

ಫ್ಲಿಪ್-ಫ್ಲಾಪ್ ಎಂಬ ಸ್ಮೃತಿಕೋಶವು, ತನ್ನ ಕ್ಲಾಕು ಮಿಡಿಯುವ ಕ್ಷಣಕ್ಕೆ ಕಿಂಚಿತ್ ಮುನ್ನವೂ ಕಿಂಚಿತ್ ಅನಂತರವೂ ಒಳಬರುವ ಸಂಕೇತವು ಅಚಲವಾಗಿರಬೇಕೆಂದು ಅಪೇಕ್ಷಿಸುತ್ತದೆ. ಪರಕೀಯ ಕ್ಲಾಕಿಗೆ ಅಧೀನವಾದ ಸಂಕೇತಕ್ಕೆ ಈ ನಿಯಮದ ಪರಿವೆಯಿಲ್ಲದುದರಿಂದ, ಎಂದಾದರೊಮ್ಮೆ ಅದು ಆ ಸಂಧಿಕಾಲದಲ್ಲಿಯೇ ಬದಲಾಗಿ, ಹಗಲೂ ಅಲ್ಲದ ಇರುಳೂ ಅಲ್ಲದ ಹೊತ್ತಿನಲ್ಲಿ ನರಸಿಂಹನು ಹಿರಣ್ಯಕಶಿಪುವನ್ನು ಹೊಸ್ತಿಲ ಮೇಲೆ ಹಿಡಿದಂತೆ, ಕೋಶವನ್ನು 0ಯೂ ಅಲ್ಲದ 1ಯೂ ಅಲ್ಲದ ಅವಸ್ಥೆಯಲ್ಲಿ ತೂಗಾಡಿಸುತ್ತದೆ. ಇದು ಪ್ರತ್ಯಕ್ಷ ಸಂಗತಿಯೆಂಬುದನ್ನು ಅಮೆರಿಕದ ಚೇನಿ ಮತ್ತು ಮೋಲ್ನಾರ್ 1973ರಲ್ಲಿ ಆಸಿಲೋಸ್ಕೋಪಿನ ಚಿತ್ರಗಳ ಸಹಿತ ತೋರಿಸಿಕೊಟ್ಟರು. ಈ ಮೆಟಾಸ್ಟೆಬಿಲಿಟಿಯನ್ನು ನಿರ್ಮೂಲಗೊಳಿಸಲಾಗದು, ವಿರಳಗೊಳಿಸಬಹುದಷ್ಟೆ. ಬೆನ್ನಿಗೆ ಎರಡನೆಯ ಫ್ಲಿಪ್-ಫ್ಲಾಪನ್ನಿರಿಸಿ (ಈ ಜೋಡಿಯೇ ಸಿಂಕ್ರೊನೈಸರ್), ಮೊದಲನೆಯದಕ್ಕೆ ನೆಲೆಗೊಳ್ಳಲು ಅದರ ಸಹಜ ಕಾಲಾಂಕದ 20 ಪಟ್ಟು ಅವಧಿ ಕೊಟ್ಟರೆ, ವೈಫಲ್ಯಗಳ ನಡುವಣ ಸರಾಸರಿ ಕಾಲವು 48 ಕೋಟಿ ಪಟ್ಟಿಗೂ ಮಿಗಿಲಾಗಿ ಹಿಗ್ಗುತ್ತದೆ. ಇಷ್ಟು ಅಲ್ಪವಾದ ತಾಳ್ಮೆಗೆ ಇಷ್ಟು ಅಪಾರವಾದ ಫಲವನ್ನು ನಾನು ಬೇರೆಲ್ಲಿಯೂ ಕಾಣೆ.

ಆದರೆ ನನಗೆ ಅತ್ಯಂತ ಪ್ರಿಯವಾದುದು, ದಾಟಿ ಬಂದ ಸಂಕೇತಗಳು ಮುಂದೆ ಒಂದುಗೂಡುವ ಸ್ಥಳಗಳನ್ನು ಅರಸುವುದು. ಒಂದೊಂದು ಸಂಕೇತವೂ ತನ್ನ ಸಿಂಕ್ರೊನೈಸರಿನ ಮೂಲಕ ನಿರ್ದೋಷವಾಗಿಯೇ ಬಂದಿರುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಯಾವುದರಲ್ಲಿಯೂ ಕುಂದಿಲ್ಲ. ಆದರೂ ಒಂದು ಮೊದಲೂ ಮತ್ತೊಂದು ಒಂದು ಸುತ್ತು ತಡವಾಗಿಯೂ ತಲುಪಿದರೆ, ಮೂಲದಲ್ಲಿ ಎಂದೂ ಇಲ್ಲದಿದ್ದ ಸಂಖ್ಯೆಯೊಂದು ಆಚೆಯ ಬದಿಯಲ್ಲಿ ಹುಟ್ಟುತ್ತದೆ. ಎಣಿಕೆಯು 7ರಿಂದ 8ಕ್ಕೇರುವಾಗ 0111 ಅಳಿದು 1000 ಆಗುವುದಷ್ಟೆ. ನಾಲ್ಕೂ ಅಂಕಗಳು ಬದಲಾಗುವ ಆ ಗಳಿಗೆಯಲ್ಲಿ ಆಚೆಯ ಕ್ಲಾಕು 1111 ಎಂದಾದರೂ ಓದೀತು, 0000 ಎಂದಾದರೂ ಓದೀತು. ಬೆಲ್ ಪ್ರಯೋಗಾಲಯದ ಫ್ರ್ಯಾಂಕ್ ಗ್ರೇ 1953ರಲ್ಲಿ ಪೇಟೆಂಟ್ ಪಡೆದ ಕ್ರಮದಲ್ಲಾದರೋ ಅದೇ 7ರಿಂದ 8ಕ್ಕೇರುವಾಗ 0100 ಎಂಬುದು 1100 ಆಗುತ್ತದೆ. ಒಂದೇ ಅಂಕ ಚಲಿಸುವುದರಿಂದ, ಓದಿದ ಎಣಿಕೆ ಹಳೆಯದಾಗಿರಬಹುದೇ ಹೊರತು ಸುಳ್ಳಾಗಿರಲಾರದು. ಎಂತಹ ಸುಂದರವಾದ ಉಪಾಯ! ಆ ಅಂಕಗಳು ಫ್ಲಿಪ್-ಫ್ಲಾಪಿನಿಂದ ನೇರವಾಗಿ ಹೊರಟಿವೆಯೋ, ಅಥವಾ ನಡುವೆ ಗೇಟುಗಳನ್ನು ಹಾದು ಗ್ಲಿಚ್ಚನ್ನು, ಎಂದರೆ ಕ್ಷಣಿಕವಾದ ಹುಸಿ ಮಿಡಿತವನ್ನು, ಹೊತ್ತು ತರುತ್ತಿವೆಯೋ ಎಂದು ತಂತಿಯ ಜಾಡು ಹಿಡಿದು ಹಿಂದಕ್ಕೆ ಹೋಗುವಾಗ ಹೊತ್ತು ಸರಿದುದೇ ತಿಳಿಯದು.

ತಪಾಸಣೆಯ ತಂತ್ರಾಂಶವು ರಾಶಿರಾಶಿಯಾಗಿ ಎಚ್ಚರಿಕೆಗಳನ್ನು ಸುರಿಯುತ್ತದೆ. ಅವುಗಳಲ್ಲಿ ಅನೇಕವು, ಯಂತ್ರ ಆರಂಭವಾದಾಗ ಒಮ್ಮೆ ನೆಲೆಗೊಂಡು ಬಳಿಕ ಕದಲದ ಸಂಕೇತಗಳಿಗೆ ಸಂಬಂಧಿಸಿದವು. ಅಂಥವಕ್ಕೆ ವೇವರ್, ಎಂದರೆ ಕಾರಣ ಸಹಿತ ವಿನಾಯಿತಿ, ಬರೆಯುವುದು ರೂಢಿ. ಸಾಮಾನ್ಯ ಸಿಮ್ಯುಲೇಷನ್ನಿಗೆ ಕ್ಲಾಕು ದಾಟುವಾಗಿನ ದೋಷಗಳು ಗೋಚರಿಸವಾದುದರಿಂದ, ಬರಿದೆ 'ಸ್ಥಿರ ಸಂಕೇತ' ಎಂದು ಬರೆದ ವೇವರನ್ನು ನಾನು ಒಪ್ಪುವುದಿಲ್ಲ. ಆ ಸಂಕೇತವನ್ನು ಯಾವ ರಿಜಿಸ್ಟರು ಬದಲಿಸುತ್ತದೆ, ಬದಲಿಸುವಾಗ ಆಚೆಯ ಕ್ಲಾಕು ನಿಂತಿರುತ್ತದೆಯೇ ಎಂಬೆರಡನ್ನೂ ಬರೆಯಿಸಿಕೊಂಡು, ವಿನ್ಯಾಸದ ಮುಂದಿನ ಆವೃತ್ತಿ ಬಂದಾಗ ಅವುಗಳನ್ನು ಮೊದಲಿನಿಂದ ಮತ್ತೆ ಓದುತ್ತೇನೆ.