ಕರೆಂಟ್ ಮುಗಿದ ಮೇಲೆ

2024 ನವೆಂಬರ್ 22, ಶುಕ್ರವಾರ
ಹುಬ್ಬಳ್ಳಿ, ನವನಗರ. ಅಪ್ಪನ ಶ್ವಾಸಕೋಶದ ಕ್ಯಾನ್ಸರಿಗೆ ಕೊನೆಯ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ. ದಿನಕ್ಕೆ 2 ಗ್ರೇ, 30 ಸಲ, ಒಟ್ಟು 60. ಎದೆಯ ಮೇಲಿನ ಗುರುತು ಇನ್ನು ಅಳಿಸಿದರೂ ನಡೆಯುತ್ತದೆ ಎಂದರು. ರೈಲಿನಲ್ಲಿ ಇಂಡಿ ರೋಡ್ ಬರುವತನಕ ಅಪ್ಪನಿಗೆ ನಿದ್ದೆ. ನನಗೆ ಸಮಾಧಾನವಾಗಬೇಕಿತ್ತು. ನಾಳೆಯಿಂದ ದಿನಾ ನೋಡುವವರಿಲ್ಲವಲ್ಲ ಎಂಬ ಭಯವೇ ಹತ್ತಿತು.

ನವೆಂಬರ್ 29
ಗಂಟಲಿನಿಂದ ಎದೆಯವರೆಗೆ ಉರಿ. ಅನ್ನನಾಳ ಕರೆಂಟಿನ ದಾರಿಯಲ್ಲೇ ಇದೆ, ಕೆಲವು ವಾರ ಹೀಗೇ ಎಂದಿದ್ದರು. ತೋಟದ ಲಿಂಬೆ ಚೀಲ ತುಂಬಿ ಹೋಗುತ್ತಿವೆ. ಅಪ್ಪನ ನಾಲಿಗೆಗೆ ಅದರ ಒಂದು ಹನಿ ತಾಗುವಂತಿಲ್ಲ. ಜೋಳದ ನುಚ್ಚು ಹಾಲಿನಲ್ಲಿ ಕಲಸಿ, ಆರಿಸಿ ಕೊಟ್ಟೆ. ನಾಲ್ಕು ಚಮಚ. "ಸಾಕ ಯವ್ವಾ." ಅವ್ವ ಅಡುಗೆಮನೆಗೆ ಹೋಗಿ ಅತ್ತಳು.

ಡಿಸೆಂಬರ್ 10, ರಾತ್ರಿ
ಸಿಂದಗಿ. ಶಾಲೆಯ ಪೇಪರ್ ತಿದ್ದುವುದು ಬಿಟ್ಟು ಓದುತ್ತ ಕೂತೆ. ಆರ್‌ಟಿಒಜಿ 0617, ಶ್ವಾಸಕೋಶದ ಕ್ಯಾನ್ಸರಿನ ಮೇಲೆ ಅಮೆರಿಕದ ಅಧ್ಯಯನ, 2015. ಅಪ್ಪನದೇ ಮೂರನೇ ಹಂತ. 60 ಗ್ರೇ ಪಡೆದವರಲ್ಲಿ ಅರ್ಧ ಜನ 28 ತಿಂಗಳು ದಾಟಿದರು. 74 ಪಡೆದವರಲ್ಲಿ ಅರ್ಧ ಜನ ದಾಟಿದ್ದು 20. ಕರೆಂಟ್ ಹೆಚ್ಚಿದರೆ ಆಯುಷ್ಯ ಹೆಚ್ಚಲಿಲ್ಲ. ಮೂರು ತಿಂಗಳಲ್ಲಿ 74ರವರ ಬದುಕಿನ ಗುಣಮಟ್ಟ ಹೆಚ್ಚು ಕುಗ್ಗಿತ್ತು. ಡಾಕ್ಟರರ ದಾಖಲೆಯಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ, ರೋಗಿಗಳೇ ತುಂಬಿದ ಪ್ರಶ್ನೆಪಟ್ಟಿಯಲ್ಲಿ ಕಂಡಿತು.
28 ತಿಂಗಳು. ಅವ್ವನಿಗೆ ಹೇಳುವುದೋ ಬೇಡವೋ.

ಡಿಸೆಂಬರ್ 30, ಎಳ್ಳಮಾವಾಸ್ಯೆ
ಹೊಲಕ್ಕೆ ತಾನೂ ಬರುತ್ತೇನೆಂದು ಅಪ್ಪನ ಹಟ. ಒಡ್ಡಿನ ಮೇಲೆ ನಿಂತು ನಿಂತು ಉಸಿರು ತೆಗೆದುಕೊಂಡ. ಭೂತಾಯಿಗೆ ಚರಗದ ಎಡೆ ಚೆಲ್ಲುವಾಗ ಕೂಗಲು ದನಿ ಏಳಲಿಲ್ಲ, ತಮ್ಮ ಕೂಗಿದ. ಜೋಳದ ತೆನೆ ಹಿಸುಕಿ ನೋಡಿ, "ಹಾಲ ತುಂಬ್ಯಾವ" ಅಂದ. ತುಪ್ಪ ಹಾಲು ಹಾಕಿ ಒಂದಿಡೀ ಹೋಳಿಗೆ ಉಂಡ! ಗಂಟಲು ಮಾಯ್ದಿದೆ.

2025 ಜನವರಿ 17
ಒಣ ಕೆಮ್ಮು. ಸಣ್ಣ ಜ್ವರ. ಅಂಗಳ ದಾಟಿದರೆ ಏದುಸಿರು. ಬಸವನ ಬಾಗೇವಾಡಿಯಿಂದ ಅತ್ತೆಯ ಫೋನು: "ತಿರಗಿ ಬಂತೇನ?" ಕೆಮ್ಮಿನ ಔಷಧಿ ಕುಡಿಸಿ ನೋಡೋಣ ಎಂದರು ಮನೆಯಲ್ಲಿ. ನಾನು ಒಪ್ಪಲಿಲ್ಲ.

ಜನವರಿ 20
ಹುಬ್ಬಳ್ಳಿ. ಸ್ಕ್ಯಾನ್. ಗಡ್ಡೆ ಬೆಳೆದಿಲ್ಲ. ಕರೆಂಟ್ ತಾಗಿದ ಶ್ವಾಸಕೋಶದಲ್ಲಿ ಉರಿಯೂತ. ಮುಗಿದ ಒಂದರಿಂದ ಆರು ತಿಂಗಳೊಳಗೆ ಹೀಗೆ ಬರಬಹುದಂತೆ. ಸ್ಟೀರಾಯ್ಡ್ ಗುಳಿಗೆ. ನಾವಾಗಿ ನಿಲ್ಲಿಸುವಂತಿಲ್ಲ, ಹೇಳಿದಂತೆ ಮೆಲ್ಲಗೆ ಇಳಿಸಬೇಕು.
ಪಕ್ಕದ ಬೆಂಚಿನಲ್ಲಿ ಮುದ್ದೇಬಿಹಾಳ ಕಡೆಯ ಹಿರಿಯರು. ಅವರಿಗೂ ಇದೇ ಕೆಮ್ಮು, ಎಷ್ಟೋ ದಿನದಿಂದ. ಚಿಕಿತ್ಸೆಗೆ ಆಯುಷ್ಮಾನ್ ಕಾರ್ಡ್ ಇದೆ. "ಬಂದ ಹೋಗಾಕ ಎರಡ ದಿನದ ಕೂಲಿ ಹೊಕ್ಕೈತ್ರಿ." ಮಗ ತಲೆ ತಗ್ಗಿಸಿದ್ದ. ಅವರನ್ನು ದಾಖಲು ಮಾಡಿಕೊಂಡು ಆಕ್ಸಿಜನ್ ಹಚ್ಚಿದರು.

ಫೆಬ್ರವರಿ 9
ಕೆಮ್ಮು ಇಳಿದಿದೆ. ರಾತ್ರಿ ನಿದ್ದೆಯಿಲ್ಲ, ಎಲ್ಲರ ಮೇಲೂ ಸಿಟ್ಟು. ಗುಳಿಗೆಯದೋ, ಒಳಗಿನ ಅಂಜಿಕೆಯದೋ. ನಡುರಾತ್ರಿ ಕೇಳಿದ: "ಎಷ್ಟ ದಿನ ಅಂದಾರ?" "ಯಾರೂ ಲೆಕ್ಕ ಹೇಳಿಲ್ಲಪ್ಪಾ." ನಿಜವೇ. ಆದರೂ ಮುಖ ನೋಡಲಾಗಲಿಲ್ಲ.

ಮಾರ್ಚ್ 2
ಊಟ, ಉಸಿರು, ನಿದ್ದೆ, ನೋವು: ದಿನಾ ಕೇಳಿ ಅಪ್ಪನ ಮಾತಿನಲ್ಲೇ ನೋಟ್‌ಬುಕ್ಕಿಗೆ ಇಳಿಸುತ್ತಿದ್ದೇನೆ. ಹೋದ ವಾರ ಡಾಕ್ಟರು ಫೈಲಿಗಿಂತ ಮೊದಲು ಅದನ್ನೇ ಓದಿ ಗುಳಿಗೆ ಬದಲಿಸಿದರು. ಆಯುಷ್ಯದ ಲೆಕ್ಕ ನನ್ನ ಕೈಲಿಲ್ಲ. ಈ ದಿನ ಹೇಗೆ ಹೋಯಿತೆಂದು ಅವನನ್ನು ಕೇಳುವುದು, ಕೇಳಿದ್ದನ್ನು ಡಾಕ್ಟರಿಗೆ ಮುಟ್ಟಿಸುವುದು ನನ್ನ ಕೈಲಿದೆ. ಮುಂದಿನ ಸ್ಕ್ಯಾನ್ ಏಪ್ರಿಲ್‌ನಲ್ಲಿ.