ಉಗುರುಬೆಚ್ಚಗೆ

ಡಿಸೆಂಬರಿನ ಮಡಿಕೇರಿಯಲ್ಲಿ ಯಾರ ಕೈ ತಣ್ಣಗಿರುವುದಿಲ್ಲ? ಆರು ವರ್ಷದ ಮಗಳು ‘ಬೆರಳು ಜೋಮು ಹಿಡಿದಿದೆ’ ಎಂದಾಗ ಅತ್ತೆ ಕೊಬ್ಬರಿ ಎಣ್ಣೆ ಬಿಸಿ ಮಾಡಿದರು. ಆದರೆ ಮೂರೇ ಬೆರಳು, ಅದೂ ಗೆರೆ ಎಳೆದಂತೆ ನಡುಗೆಣ್ಣಿನಿಂದಾಚೆ ಬಿಳುಪಾಗುವುದು ಬರೀ ಚಳಿಯ ಕೆಲಸವಾಗಿರಲಿಲ್ಲ.

ಡಾಕ್ಟರು ರೇನೋ ಎಂದರು. 1862ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯನ ಹೆಸರು. ಚಳಿಗೋ ಗಾಬರಿಗೋ ಬೆರಳಿನ ಸಣ್ಣ ರಕ್ತನಾಳಗಳು ಮುದುಡಿಕೊಳ್ಳುತ್ತವೆ. ಮೊದಲು ಬಿಳಿ, ಆಮೇಲೆ ನೀಲಿ, ರಕ್ತ ಮರಳಿದಾಗ ಕೆಂಪು. ನಾನು ನೋಡಿದ ಚಿತ್ರಗಳಲ್ಲಿ ಮೂರೂ ಬಣ್ಣ ಎಷ್ಟು ಸ್ಪಷ್ಟ! ಆ ಕೈಗಳೆಲ್ಲ ಬಿಳಿಯರವು. ನಮ್ಮ ಕಂದು ಚರ್ಮದಲ್ಲಿ ನೀಲಿ ಬೂದಿಯಂತಿರುತ್ತದೆ, ಕೆಂಪು ಸುಲಭಕ್ಕೆ ಕಾಣದು. ಹಾಗಾಗಿ ನಾನು ಅಂಗೈ ನೋಡುತ್ತೇನೆ, ಉಗುರು ನೋಡುತ್ತೇನೆ. ಜುಮುಜುಮು ಎಂದು ಅವಳು ಮುಖ ಕಿವುಚಿದರೆ ಅದೇ ಕೆಂಪು.

ಬಹುಪಾಲು ಮಂದಿಗೆ ಇದು ಇಷ್ಟಕ್ಕೇ ನಿಲ್ಲುತ್ತದೆ, ಕೆಲವರಲ್ಲಿ ಲೂಪಸ್‌ನಂಥ ಕಾಯಿಲೆಯ ಮುನ್ಸೂಚನೆ. ಉಗುರಿನ ಬುಡವನ್ನು ಮಸೂರದಲ್ಲಿ ನೋಡಿದರು, ರಕ್ತ ಪರೀಕ್ಷೆಯೂ ಆಯಿತು. ‘ಸದ್ಯಕ್ಕೆ ಏನಿಲ್ಲ.’ ಆ ‘ಸದ್ಯಕ್ಕೆ’ ನಮ್ಮ ಜೊತೆಗೇ ಮನೆಗೆ ಬಂತು.

ಟೀಚರಿಗೆ ಚೀಟಿ ಬರೆದುಕೊಟ್ಟೆ: ಬಿಸಿನೀರು ಬೇಡ, ಮರಗಟ್ಟಿದ ಬೆರಳಿಗೆ ಸುಟ್ಟದ್ದು ತಿಳಿಯುವುದಿಲ್ಲ, ಉಗುರುಬೆಚ್ಚಗಿನ ನೀರು ಸಾಕು. (ಈ ಪದವನ್ನು ಕನ್ನಡ ನಮಗೆಂದೇ ಮಾಡಿಟ್ಟಂತಿದೆ.) ಗಾಬರಿಯೂ ಕಾರಣವೆಂದ ಮೇಲೆ ನನ್ನ ಗಾಬರಿಯನ್ನು ಅವಳೆದುರು ತೋರುವಂತಿಲ್ಲ. ಆಟವಾಡಿಸುವ ನೆಪದಲ್ಲಿ ಬೆರಳು ಎಣಿಸುತ್ತೇನೆ.

ಈಗ ಉಗುರಿಗೆ ಬಣ್ಣ ಬೇಕೆಂದು ಹಟ. ಉಗುರೇ ಮುಚ್ಚಿದರೆ ನಾನು ನೋಡುವುದೆಲ್ಲಿ? ಚೌಕಾಸಿ ನಡೆದು, ಎಡಗೈಗೆ ಮಾತ್ರ ಹಚ್ಚಿದೆ.